ಬೆಳಕಿಗೆ ಹಿಡಿದ ಬೇಳೆ

ಹುಸೇನಬೀ ಒಂದೇ ಒಂದು ತೊಗರಿಬೇಳೆಯನ್ನು ಬೆಳಕಿಗೆ ಹಿಡಿದು, ಪತ್ತಾರ ವಜ್ರ ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದಳು. ಸಾಲಿನ ಹೆಂಗಸರೆಲ್ಲ ಹಾಗೇ ನೋಡುತ್ತಿದ್ದರು. ಹೊರಗೆ ಸೋಲಾಪುರಕ್ಕೆ ಹೋಗಬೇಕಾದ ಲಾರಿ ಹಾರ್ನ್ ಹೊಡೆಯುತ್ತಿತ್ತು. ಒಳಗೆ ಒಂದು ಚೀಲವೂ ತುಂಬಿರಲಿಲ್ಲ.

“ಲಗೂ ಲಗೂ ಕೈ ಆಡಸ್ರಿ!” ಎಂದಳು ಶಿವಕಾಂತಾ. ನಿನ್ನೆಯವರೆಗೆ ಇವರ ಜೊತೆಗೇ ಬೇಳೆ ಹಸನು ಮಾಡಿದವಳು ಇವತ್ತು ದಾಲ್ ಮಿಲ್ಲಿನ ಮುಕಾದಮಳಾಗಿ ಅವರ ಮೇಲುಸ್ತುವಾರಿಗೆ ಸ್ಟೂಲಿನ ಮೇಲೆ ಕೂತಿದ್ದಳು.

“ಯಾರೂ ಮಾತಾಡಬಾರ್ದು, ಒಂದ್ ಕಲ್ಲ ಉಳೀಬಾರ್ದು ಅಂತ ಮುಂಜಾನಿ ನೀವೇ ಹುಕುಂ ಮಾಡೀರಲ್ರಿ ಬಾಯಿಸಾಬ್,” ಎಂದು ಹುಸೇನಬೀ ಇನ್ನೊಂದು ಬೇಳೆ ಎತ್ತಿಕೊಂಡಳು.

ಇಷ್ಟು ವಿಧೇಯತೆ ಯಾವ ಮುಕಾದಮನ ಹಣೆಯಲ್ಲೂ ಬರೆದಿರಲಿಕ್ಕಿಲ್ಲ. ಲಾರಿ ಖಾಲಿ ಹೋದರೆ ನಾಳೆ ಸ್ಟೂಲು ಬೇರೆಯವರದು. ಶಿವಕಾಂತಾ ಎದ್ದು ಬಾಗಿಲಾಚೆ ಇಣುಕಿ ನೋಡಿದಳು. ಮಿಲ್ಲಿನ ಸಾಹುಕಾರ ದೂರದಲ್ಲಿದ್ದ. ಅವಳು ತಿರುಗಿ ಬಂದು ಹುಸೇನಬೀಯ ಪಕ್ಕ ನೆಲಕ್ಕೆ ಕೂತು ಒಂದು ಮೊರ ಎಳೆದುಕೊಂಡಳು.

“ಯಾರ ಮುಂದೂ ಹೇಳಬ್ಯಾಡ್ರೆ. ನಿನ್ನಿ ಸಾವಕಾರ್ತಿ ಲಟ್ಟಣಗಿ ಹಿಡ್ಕೊಂಡು ಗಂಡನ್ನ ಅಂಗಳ ತುಂಬ ಓಡಸ್ಯಾಳಂತ.”

ಹುಸೇನಬೀಯ ಬೆರಳ ತುದಿಯ ಬೇಳೆ ಜಾರಿ ರಾಶಿಗೆ ಬಿತ್ತು. “ಹೌದೇನ್ ಬೇ? ಯಾಕಂತ?” ಎನ್ನುವಷ್ಟರಲ್ಲಿ ಸಾಲಿನ ಮೊರಗಳೆಲ್ಲ ಒಟ್ಟಿಗೆ ಕುಣಿಯತೊಡಗಿದವು.