ಲೈಬ್ರರಿ ಕೊಟ್ಟ ಶಿಫಾರಸು

ಆರ್ಕಿಟೆಕ್ಚರ್ ಓದಲು ವಿದ್ಯಾರ್ಥಿವೇತನ ಬೇಕಾದವರು ತಾವು ಬೆಳೆದ ಮನೆಯಿಂದಲೇ ಶಿಫಾರಸು ತರಬೇಕಿತ್ತು. ಅರ್ಜಿಯನ್ನು ಗೋಡೆಗೆ ಒತ್ತಿ ಹಿಡಿದರೆ ಸಾಕು, ಇಟ್ಟಿಗೆ ಬಣ್ಣದ ಅಕ್ಷರಗಳು ನಿಧಾನವಾಗಿ ಮೂಡುತ್ತಿದ್ದವು. ಸಾಬಮ್ಮನ ಗೆಳತಿಯರೆಲ್ಲ ಹಾಗೆಯೇ ಬರೆಸಿಕೊಂಡಿದ್ದರು.

ಸಾಬಮ್ಮ ಬೆಳೆದದ್ದು ತಗಡಿನ ಶೆಡ್ಡುಗಳಲ್ಲಿ. ತಾಯಿ ಹಣಮಂತಿ ಗಾರೆ ಹೊರುವವಳು. ಒಂದು ಕಟ್ಟಡ ಮುಗಿದೊಡನೆ ಶೆಡ್ಡು ಬಿಚ್ಚಿ ಇನ್ನೊಂದು ಕಡೆಗೆ ಹೋಗುತ್ತಿದ್ದರು. ಕೇಳಲು ಒಂದು ಗೋಡೆಯೂ ಉಳಿದಿರಲಿಲ್ಲ. ಅರ್ಜಿಗೆ ಅದೇ ಕೊನೆಯ ದಿನ.

"ನಡಿ, ಲೈಬ್ರರಿಗಿ ಕೇಳಮು," ಎಂದಳು ಹಣಮಂತಿ. "ಅದು ಕಟ್ಟೋವಾಗ ನೀ ಕೈಗೂಸು."

"ಯವ್ವಾ, ಅದು ನಮ್ಮ ಮನಿ ಅಲ್ಲಲ್ಲ."

"ಕೇಳಿ ನೋಡಮು."

ಓದುವ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ತೇಲುತ್ತಿತ್ತು. ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ಕುರ್ಚಿ ಸರಿಸಿ ಜಾಗ ಕೊಟ್ಟರು. ಸಾಬಮ್ಮ ಕಿಟಕಿ ಪಕ್ಕದ ಕಂಬಕ್ಕೆ ಕಾಗದವನ್ನು ಒತ್ತಿ ಹಿಡಿದಳು. ಬಹಳ ಹೊತ್ತು ಏನೂ ಆಗಲಿಲ್ಲ. ಅವಳ ಕೈ ಸೋತಾಗ ಹಣಮಂತಿ ತನ್ನ ಅಂಗೈಯನ್ನು ಅದರ ಮೇಲಿಟ್ಟಳು. ಕಂಬ ಮೆಲ್ಲಗೆ ಬೆಚ್ಚಗಾಯಿತು, ಕಾಗದದ ಮೇಲೆ ಅಕ್ಷರಗಳು ಮೂಡಿದವು.

"ಏನು ಬರದದ? ಓದು," ಎಂದಳು ಅಕ್ಷರ ಬಾರದ ತಾಯಿ.

ಸಾಬಮ್ಮ ಓದಿದಳು: "ಆಗ ನನಗಿನ್ನೂ ಛಾವಣಿ ಇರಲಿಲ್ಲ. ಈ ಕೂಸಿನ ಸೀರೆಜೋಲಿಯನ್ನು ನನಗೆ ಕಟ್ಟಿದ್ದರು. ನನ್ನೊಳಗೆ ನಿದ್ದೆ ಮಾಡಿದ ಮೊದಲ ಜೀವ ಇದು. ತಾಯಿ ಗಾರೆ ಹೊತ್ತು ಮರಳುವವರೆಗೆ ನಾನೇ ನೋಡಿಕೊಂಡೆ. ನನ್ನ ಮಗಳೇ ಎಂದು ಬರೆದುಕೊಳ್ಳಿ."

ಅರ್ಜಿ ಕೊಡಲು ಇನ್ನೂ ಒಂದು ಗಂಟೆ ಇತ್ತು. ಹಣಮಂತಿ ಸೆರಗಿನಿಂದ ಕಂಬದ ಧೂಳು ಒರೆಸುತ್ತ, "ಇನ್ನೊಂದು ಸಲ ಓದು," ಎಂದಳು.