ಅವ್ವನ ಕುಂಕುಮದ ಡಬ್ಬಿ

ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕಿನಲ್ಲಿ ಸಿಕ್ಕ ಹಿತ್ತಾಳೆಯ ಕುಂಕುಮದ ಡಬ್ಬಿಯ ಮುಚ್ಚಳ ತೆಗೆದರೆ ಈಗಲೂ ಗೇರ್ ಆಯಿಲ್ ವಾಸನೆ ಬರುತ್ತದೆ.

ಇಳಕಲ್ಲಿನಲ್ಲಿ ಕೆಂಪು ಕಲ್ಲು ಹೊರುವ ಲಾರಿಗಳ ಹಿಂದಿನ ಗಾಲಿ ತಿರುಗಿಸುವ ಡಿಫರೆನ್ಷಿಯಲ್ ಬಿಚ್ಚಿ ಕೂಡಿಸುವುದು ಅಪ್ಪನ ಕೆಲಸವಾಗಿತ್ತು. ಒಳಗಿನ ಗೇರುಗಳ ಹಲ್ಲು ಒಂದಕ್ಕೊಂದು ಸರಿಯಾಗಿ ಕೂತಿವೆಯೇ ಎಂದು ನೋಡಲು ಅಪ್ಪ ಎಣ್ಣೆಯಲ್ಲಿ ಕುಂಕುಮ ಕಲಸಿ ಹಚ್ಚಿ ತಿರುಗಿಸುತ್ತಿದ್ದ. ಹಲ್ಲಿನ ನಟ್ಟನಡುವೆ ಬಣ್ಣ ಅಳಿಸಿದರೆ ಕೆಲಸ ಸರಿಯಾದಂತೆ.

ಒಂದು ದಿನ ಮಧ್ಯಾಹ್ನ ಮನೆಯಲ್ಲಿ ಉಂಡು ಏಳುವಾಗ ಅಪ್ಪ ಅವ್ವನ ಡಬ್ಬಿ ಕೇಳಿದ. ಗ್ಯಾರೇಜಿನಲ್ಲಿದ್ದ ಕುಂಕುಮ ಮುಗಿದಿತ್ತು.

“ನನ್ನ ಹಣಿ ಕುಂಕುಮಾ ಲಾರಿಗೆ ಹಚ್ತೀರೇನ್ರಿ? ಲಾರೀನ ಲಗ್ನಾ ಮಾಡ್ಕೋಬೇಕಿತ್ತು.”

“ಅದು ನಿನ್ನಂಗ ಬೈಯಂಗಿಲ್ಲ ನೋಡು,” ಎಂದು ಅಪ್ಪ ನಕ್ಕ.

“ಪೂರಾ ಖಾಲಿ ಮಾಡಬ್ಯಾಡ್ರಿ ಮತ್ತ,” ಎನ್ನುತ್ತ ಅವ್ವ ಡಬ್ಬಿ ಕೊಟ್ಟಳು.

ಅವತ್ತು ಗ್ಯಾರೇಜಿನಲ್ಲಿ ಜಾಕಿನ ಕೆಳಗಿಡಲು ಕಟ್ಟಿಗೆಯ ತುಂಡು ಸಿಗದೆ, ಅಪ್ಪ ಪಾಲಿಶ್ ಮಾಡಿದ ಕಲ್ಲಿನ ಚೂರು ಇಟ್ಟಿದ್ದನಂತೆ. ನಮ್ಮೂರಲ್ಲಿ ಅಂಥವು ಎಲ್ಲೆಂದರಲ್ಲಿ ಬಿದ್ದಿರುತ್ತಿದ್ದವು. ಅದರ ಮೇಲೆ ಎಣ್ಣೆ ಚೆಲ್ಲಿತ್ತು. ಜಾಕು ಜಾರಿ, ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದ ಅಪ್ಪನ ಎದೆಯ ಮೇಲೆ ಲಾರಿ ಕುಸಿಯಿತು.

ಸಂಜೆ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಕಾಕಾ ಡಬ್ಬಿಯನ್ನು ತಂದು ಕಟ್ಟೆಯ ಮೇಲಿಟ್ಟ. “ವೈನಿ, ಹಲ್ಲು ಭಾಳ ಚಲೋ ಕೂಡಿಸಿದ್ದಾ ನೋಡ್ರಿ,” ಎಂದು ಗೋಡೆಗೆ ಮುಖ ಹಚ್ಚಿ ಅತ್ತ.

ಅವ್ವ ಅಳಲಿಲ್ಲ. ಡಬ್ಬಿಯ ಮೇಲೆ ಎಣ್ಣೆಗೈಯ ಬೆರಳಿನ ಗುರುತುಗಳಿದ್ದವು. ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು.

“ಖಾಲಿ ಮಾಡಿಲ್ಲ ನೋಡು. ಅರ್ಧಾ ಉಳಿಸ್ಯಾರ.”