ಪಕ್ಕದಿಂದ ತಂದ ಹತ್ತು

ಬೇಯುತ್ತಿರುವ ರೇಷ್ಮೆಗೂಡಿನ ವಾಸನೆ ಬಂದರೆ ನನಗೆ ಈಗಲೂ ರಾಮನಗರದ ನಮ್ಮ ಶಾಲೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆ ವಾಸನೆ ಸಲ್ಮಾಳ ಲಂಗದಲ್ಲಿ ಇರುತ್ತಿತ್ತು. ಮನೆಯಲ್ಲಿ ನೂಲು ತೆಗೆಯುವ ಕೆಲಸಕ್ಕೆ ಕೈಜೋಡಿಸಿ ತಡವಾಗಿ ಬರುತ್ತಿದ್ದ ಅವಳು ಲೆಕ್ಕದಲ್ಲಿ ಎಲ್ಲರಿಗಿಂತ ಹಿಂದೆ, ನಾನು ಎಲ್ಲರಿಗಿಂತ ಮುಂದೆ. ಊಟದ ಬಿಡುವಿನಲ್ಲಿ ಅವಳಿಗೆ ಹೇಳಿಕೊಡಲು ಟೀಚರ್ ನನ್ನನ್ನು ಕೂರಿಸುತ್ತಿದ್ದರು. ಅದನ್ನು ತಪ್ಪಿಸಲೆಂದೇ ಅಮ್ಮ ಅವತ್ತು, ಹೊಸದಾಗಿ ಸೇರಿದ್ದ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಅರ್ಧ ದಿನ ರಜ ಹಾಕಿ ಬಂದಳು.

“ನನ್ ಮಗ್ಳು ಓದೋದ್ ಬುಟ್ಟು ಇನ್ನೊಬ್ರಿಗೆ ಹೇಳ್ಕೊಡ್ತಾ ಕೂತ್ರೆ ಹಿಂದೆ ಬೀಳಾಕಿಲ್ವಾ ಮೇಡಂ?”

ನಾವು ನಲವತ್ತೆರಡರಲ್ಲಿ ಹದಿನೇಳು ಕಳೆಯುತ್ತಿದ್ದೆವು. ಟೀಚರ್ ಉತ್ತರಿಸುವ ಮೊದಲೇ ಸಲ್ಮಾ ಸ್ಲೇಟಿನಿಂದ ತಲೆಯೆತ್ತಿ ನನ್ನನ್ನು ಕೇಳಿದಳು.

“ನಾಲ್ಕರ ಹತ್ರ ಒಂದೇ ತಾನೆ ಈಸ್ಕೊಂಡಿದ್ದು? ಎರಡರ ಹತ್ರ ಬಂದಾಗ ಅದು ಹತ್ತು ಹೆಂಗಾಯ್ತು?”

“ಹಂಗೇ ಮಾಡ್ಬೇಕು,” ಎಂದೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ.

ಟೀಚರ್ ಪೊರಕೆಕಡ್ಡಿಗಳನ್ನು ಹತ್ತತ್ತರಂತೆ ಕಟ್ಟಿದ್ದ ನಾಲ್ಕು ಕಂತೆಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ನೆಲದ ಮೇಲಿಟ್ಟು, ಒಂದು ಕಂತೆಯ ದಾರ ಬಿಚ್ಚಿದರು. ಕಡ್ಡಿಗಳು ಹರಡಿಕೊಂಡವು. ಸಲ್ಮಾ ಅವನ್ನು ಎಣಿಸಿ ನಕ್ಕಳು. ನನಗೂ ಅದು ಆಗಲೇ ತಿಳಿದದ್ದು.

ಅಮ್ಮ ಇನ್ನೂ ಬಾಗಿಲಲ್ಲೇ ನಿಂತಿದ್ದಳು. “ಒಸಿ ಇನ್ನೊಂದ್ಸಲ ಬಿಚ್ಚಿ ತೋರ್ಸಿ ಮೇಡಂ,” ಎಂದಳು. “ನಮ್ಗೂ ಯಾರೂ ಇದ್ನ ಹೇಳ್ಕೊಟ್ಟಿರ್ನಿಲ್ಲ.”

ಟೀಚರ್ ಅವಳಿಗೆ ಕುರ್ಚಿ ಎಳೆದರು. ಅಮ್ಮ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ, ಸಲ್ಮಾಳ ಪಕ್ಕದಲ್ಲಿ ಕುಳಿತಳು.